ಅಜ್ಜನ ಅಡಕತ್ತರಿ ಹರಾಜಿಗೆ ಇಟ್ಟಾಗ

ಏಳು ದಿನ ಹರಾಜಿಗೆ ಇಟ್ಟಿದ್ದೆ. ಒಂದೂ ಬಿಡ್ ಬರಲಿಲ್ಲ.

ಹೋದ ಬೇಸಿಗೆಯ ಮಾತು. ಸಿರ್ಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ತವರುಮನೆ. ಹಳೇ ಮನೆ ಕೆಡವಿ ಹೊಸದು ಕಟ್ಟುವುದು ಅಂತ ತಮ್ಮ ತೀರ್ಮಾನ ಮಾಡಿದ್ದ. ಮೆತ್ತಿ (ಮಹಡಿ) ಖಾಲಿ ಮಾಡಲು ಎಲ್ಲರೂ ಸೇರಿದೆವು. ಇಳಿಸಿದಷ್ಟೂ ಸಾಮಾನು. ಗ್ಯಾಸ್‌ಲೈಟು ಎರಡು, ಗ್ರಾಮಫೋನ್ ಮುಳ್ಳಿನ ತಗಡಿನ ಡಬ್ಬಿ, ಕವಳದ (ಎಲೆಅಡಕೆಯ) ತಬಕು, ನಾಲ್ಕಾರು ಹಿತ್ತಾಳೆ ಚೆಂಬು, ಆಮೇಲೆ ಅಡಕತ್ತರಿ. ಒಂದೆರಡಲ್ಲ, ಹನ್ನೊಂದು ಅಡಕತ್ತರಿ! ಅಜ್ಜನಿಗೆ ಕವಳ ಅಂದರೆ ಪ್ರಾಣ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಿಂದ ಒಂದು ಅಡಕತ್ತರಿ ಕೊಳ್ಳದೆ ಮನೆಗೆ ಬಂದವನಲ್ಲ.

ಗುಜರಿಯವನು ಬಂದು ಎಲ್ಲಕ್ಕೂ ಸೇರಿಸಿ ಕಿಲೋ ಲೆಕ್ಕ ಹೇಳಿದ. ಅಜ್ಜ ಎಣ್ಣೆ ಹಾಕಿ ಒರೆಸಿ ಇಟ್ಟುಕೊಳ್ಳುತ್ತಿದ್ದ ಸಾಮಾನು ತಕ್ಕಡಿಗೆ ಬೀಳುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಮನೆಯವರೆಲ್ಲ ಬೇಕಾದ್ದನ್ನು ಇಟ್ಟುಕೊಂಡ ಮೇಲೆ ಉಳಿದದ್ದನ್ನು ನಾನೇ ಆನ್‌ಲೈನ್ ಹರಾಜಿಗೆ ಹಾಕುತ್ತೇನೆ ಅಂದೆ. ಹಳೇ ಸಾಮಾನು ಸಂಗ್ರಹಿಸುವವರು ಸೇರುವ ಒಂದು ತಾಣದ ವಿಚಾರ ನನಗೆ ಗೊತ್ತಿತ್ತು. ದೇಶದ ಬೇರೆ ಬೇರೆ ಊರಿನವರು ಅಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ.

ಮೊದಲು ಇಟ್ಟದ್ದು ಗಿಳಿ ಮೂತಿಯ ಅಡಕತ್ತರಿ. ಹನ್ನೊಂದರಲ್ಲಿ ಚೆಂದದ್ದು ಅದೇ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಒಂದು ಫೋಟೋ ತೆಗೆದೆ. ಶುರುವಿನ ಬೆಲೆ 3,000 ರೂಪಾಯಿ ಹಾಕಿದೆ. ತಾಣದಲ್ಲಿ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ನಾನು ಬರೆದದ್ದು ಕನ್ನಡದಲ್ಲಿ ಹೀಗಾಗುತ್ತದೆ:

"ನಮ್ಮ ಅಜ್ಜನ ಪ್ರೀತಿಯ ಅಡಕತ್ತರಿ. ತುಂಬಾ ಹಳೆಯದು, ಅತ್ಯಂತ ಅಪರೂಪ, ಅದ್ಭುತ ಕೆಲಸ. ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಬೇಗ ಬಿಡ್ ಮಾಡಿ."

ಬರೆದು ಎರಡು ಸಲ ಓದಿಕೊಂಡಿದ್ದೆ. ಚೆನ್ನಾಗಿದೆ ಅಂತಲೇ ಅನ್ನಿಸಿತ್ತು. ಏಳನೇ ದಿನ ಸಮಯ ಮುಗಿಯಿತು. ನೋಡಿದವರು ಹನ್ನೆರಡು ಜನ, ಬಿಡ್ ಸೊನ್ನೆ.

ನನ್ನ ಚಿಕ್ಕಪ್ಪ ಸಿರ್ಸಿಯ ಒಂದು ಅಡಕೆ ವಖಾರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಅವನಿಗೆ ಮೊಬೈಲಿನಲ್ಲಿ ತೋರಿಸಿ, ಒಂದೊಂದೇ ಸಾಲು ಕನ್ನಡ ಮಾಡಿ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಹೇಳಿದ: "ಕೂಸೇ, ಇದ್ರಲ್ಲಿ ಅಡಕತ್ರಿ ಎಲ್ಲಿದ್ದು? ಬರೀ ಅಪ್ಪಯ್ಯ ಇದ್ದ."

ಅವನ ಅಪ್ಪಯ್ಯ ಅಂದರೆ ನನ್ನ ಅಜ್ಜ. ಆ ಮಾತು ನನಗೆ ನಾಟಿತು. "ನಾಳೆ ಟೆಂಡರ್ ಟೈಮಿಗೆ ಬಾ, ತೋರಸ್ತಿ" ಅಂತಲೂ ಅಂದ.

ಸಿರ್ಸಿಯಲ್ಲಿ ಹುಟ್ಟಿ ಬೆಳೆದವಳಾದರೂ ಅಡಕೆ ಟೆಂಡರನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. 1923ರಲ್ಲಿ ಶುರುವಾದ ಟಿಎಸ್ಎಸ್ ಅನ್ನುವ ಬೆಳೆಗಾರರ ಸಹಕಾರಿ ಮಾರಾಟ ಸಂಘ ಇರುವ ಊರು ಇದು. ನೂರು ವರ್ಷದಿಂದ ಇಲ್ಲಿ ಬೆಳೆಗಾರರು ಒಟ್ಟಾಗಿ ಅಡಕೆ ಮಾರುತ್ತಿದ್ದಾರೆ. ಸಾಲಾಗಿ ಅಡಕೆ ಸುರಿದಿರುತ್ತದೆ. ಬಗೆ ಬಗೆಯ ಅಡಕೆ: ಚಾಲಿ (ಒಣಗಿಸಿ ಸುಲಿದದ್ದು) ಬೇರೆ, ರಾಶಿ ಬೇರೆ, ಬೆಟ್ಟೆ ಬೇರೆ, ಬಿಳಿಗೋಟು ಕೆಂಪುಗೋಟು ಬೇರೆ. ಒಂದೊಂದಕ್ಕೂ ಒಂದು ನಂಬರು. ವ್ಯಾಪಾರಿಗಳು ಬರುತ್ತಾರೆ. ಗುಡ್ಡೆಯ ಒಳಗಿನವರೆಗೆ ಕೈ ಹಾಕಿ ಒಂದು ಮುಷ್ಟಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ, ಅಂಗೈಯಲ್ಲಿ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಎರಡು ಅಡಕೆ ಕತ್ತರಿಸಿ ಒಳಗೆ ಕಪ್ಪಾಗಿದೆಯಾ, ಹುಳ ಬಿದ್ದಿದೆಯಾ ನೋಡುತ್ತಾರೆ. ಆಮೇಲೆ ದರ ಬರೆಯುತ್ತಾರೆ. ಅಷ್ಟೂ ಹೊತ್ತು ಬೆಳೆಗಾರ ತುಟಿ ಬಿಚ್ಚುವುದಿಲ್ಲ. "ನಮ್ಮ ಅಡಕೆ ಭಾರಿ ಚೆಂದ" ಅಂತ ಅಲ್ಲಿ ಯಾರೂ ಕೂಗುವುದಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ವ್ಯಾಪಾರಿಗೆ ಕೈ ಇದೆ, ಕಿವಿ ಇದೆ, ಕತ್ತರಿಸಿ ನೋಡಲು ಅಡಕತ್ತರಿ ಇದೆ. ನನ್ನ ಸಾಮಾನು ಕೊಳ್ಳುವವರು ಎಲ್ಲೋ ದೂರದ ಊರಿನಲ್ಲಿ ಮೊಬೈಲ್ ಹಿಡಿದು ಕೂತಿದ್ದಾರೆ. ತೂಕ ಎಷ್ಟು, ಕೀಲು ಸಡಿಲವಾ, ಅಲಗು ಹರಿತವಾ ಅಂತ ತಿಳಿಯಲು ಅವರಿಗೆ ಒಂದೇ ದಾರಿ, ನಾನು ಬರೆದದ್ದು. ಅವರ ಬೆರಳು ಮಾಡಬೇಕಾದ ಕೆಲಸವನ್ನು ನನ್ನ ಮಾತು ಮಾಡಬೇಕು. ನಾನು ಕೊಟ್ಟದ್ದು ಬರೀ ಹೊಗಳಿಕೆ.

ಮತ್ತೆ ಮೊದಲಿಂದ ಶುರುಮಾಡಿದೆ.

ಬರೆಯುವ ಮೊದಲು ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಅಂತ ಬೇರೆ ಮಾಡಿಕೊಂಡೆ. ಹಳೇ ಮನೆ ಸಾಮಾನು ಮಾರುವ ಎಲ್ಲರೂ ಇದನ್ನು ಮಾಡಲೇಬೇಕು. ಪ್ರಾಚೀನ ವಸ್ತುಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಲೋಹದ ಕೆಲಸ, ಕೆತ್ತನೆ, ನಾಣ್ಯ ಇಂಥವು ಪ್ರಾಚೀನ ವಸ್ತು ಅನ್ನಿಸಿಕೊಳ್ಳುತ್ತವೆ. ಮಹತ್ವದ ಹಸ್ತಪ್ರತಿಗಾದರೆ 75 ವರ್ಷ ಸಾಕು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಮೆತ್ತಿಯಲ್ಲಿ ಒಂದು ಕಟ್ಟು ತಾಡವೋಲೆ ಸಿಕ್ಕಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ತಮ್ಮನ ಕಪಾಟಿನಲ್ಲೇ ಇಟ್ಟೆವು. ಜಗಲಿ ಗೋಡೆಯ ಜಿಂಕೆ ಕೋಡು ವನ್ಯಜೀವಿ ಕಾಯ್ದೆಗೆ ಬರುತ್ತದೆ, ಅದರ ಮಾರಾಟದ ಮಾತೇ ಇಲ್ಲ.

ಇದು ಬರವಣಿಗೆಗೂ ಸಂಬಂಧಪಟ್ಟದ್ದೇ. ಬಹಳ ಜನ "ನೂರೈವತ್ತು ವರ್ಷ ಹಳೆಯದು" ಅಂತ ಸುಮ್ನೆ ಬರೆದುಬಿಡುತ್ತಾರೆ. ಬೆಲೆ ಬರಲಿ ಅಂತ. ಅದು ಸುಳ್ಳಾದರೆ ಕೊಂಡವರಿಗೆ ಮೋಸ, ನಿಜವಾದರೆ ಕಾನೂನಿನ ಪ್ರಶ್ನೆ. ನಮ್ಮ ಅಡಕತ್ತರಿಗಳನ್ನು ಅಜ್ಜ ಕೊಂಡದ್ದು 1950ರ ನಂತರ, ಜಾತ್ರೆಯ ಅಂಗಡಿಗಳಲ್ಲಿ, ಆಗಿನ ಹೊಸ ಮಾಲು. ಆಯಿಗೆ (ಅಮ್ಮನಿಗೆ) ಒಂದೊಂದರ ನೆನಪೂ ಇದೆ. ಅಷ್ಟನ್ನೇ ಬರೆದೆ.

ಆಮೇಲೆ ಹೆಸರು. ನನ್ನ ಮೊದಲ ಶೀರ್ಷಿಕೆ "ಅಜ್ಜನ ಅಡಕತ್ತರಿ" ಅಂತ ಇತ್ತು. ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಕೋಲ್ಕತ್ತಾದಲ್ಲೋ ಜಾಮ್‌ನಗರದಲ್ಲೋ ಕೂತವರು ಆ ಪದ ಹುಡುಕುತ್ತಾರಾ? ಹಿಂದಿಯಲ್ಲಿ ಇದು ಸರೋತಾ. ಮರಾಠಿಯಲ್ಲಿ ಅಡಕಿತ್ತಾ, ಗುಜರಾತಿಯಲ್ಲಿ ಸೂಡಿ, ತಮಿಳಿನಲ್ಲಿ ಪಾಕ್ಕುವೆಟ್ಟಿ, ಬಂಗಾಳಿಯಲ್ಲಿ ಜಾಂತಿ. ಇಂಗ್ಲಿಷಿನಲ್ಲಿ ಬೀಟಲ್ ನಟ್ ಕಟರ್. ಕೊಳ್ಳುವವರು ಯಾವ ಪದ ಟೈಪ್ ಮಾಡುತ್ತಾರೋ ಅದು ಶೀರ್ಷಿಕೆಯಲ್ಲಿ ಇಲ್ಲದಿದ್ದರೆ ನಮ್ಮ ಸಾಮಾನು ಅವರ ಕಣ್ಣಿಗೇ ಬೀಳುವುದಿಲ್ಲ. ಕಂಡ ಮೇಲೆ ತಾನೇ ಮೆಚ್ಚುವುದು? ಈಬೇಯಂಥ ದೊಡ್ಡ ತಾಣದಲ್ಲೂ ಶೀರ್ಷಿಕೆಗೆ ಸಿಗುವುದು 80 ಅಕ್ಷರ ಮಾತ್ರ. ಅಷ್ಟರಲ್ಲಿ "ಅದ್ಭುತ", "ಸೂಪರ್", ಮೂರು ಆಶ್ಚರ್ಯಸೂಚಕ ಚಿಹ್ನೆ ತುಂಬಿದರೆ ಬೇಕಾದ ಮಾತಿಗೆ ಜಾಗವೇ ಇರುವುದಿಲ್ಲ. "ಅದ್ಭುತ" ಅಂತ ಯಾರೂ ಹುಡುಕುವುದಿಲ್ಲ ಅಲ್ವಾ? ನಾನು ಹೀಗೆ ಬದಲಾಯಿಸಿದೆ: "ಅಡಕತ್ತರಿ, ಸರೋತಾ, ಜಾಂತಿ, ಗಿಳಿ ಮೂತಿ, ಹಿತ್ತಾಳೆ ಹಿಡಿ, ಕಬ್ಬಿಣದ ಅಲಗು, 17.5 ಸೆಂ.ಮೀ." ಉಳಿದ ಭಾಷೆಯ ಹೆಸರುಗಳನ್ನು ಕೆಳಗಿನ ವಿವರದಲ್ಲಿ ಒಂದೇ ಸಾಲಿನಲ್ಲಿ ಹಾಕಿದೆ.

ಫೋಟೋ ತೆಗೆಯುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಸಿರ್ಸಿಯ ಮಳೆಯಲ್ಲಿ ಬೆಳಕು ಎಲ್ಲಿಂದ ತರುವುದು ಅಂತ ಚಿಂತೆಯಾಗಿತ್ತು. ಆದರೆ ಲೋಹಕ್ಕೆ ಮೋಡದ ಬೆಳಕೇ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಬಿಸಿಲಿನಲ್ಲಿ ಹಿತ್ತಾಳೆ ಹೊಳೆದು ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಜಗಲಿಯ ತುದಿಯಲ್ಲಿ ಇಟ್ಟರೆ ಕೆತ್ತನೆಯ ಒಂದೊಂದು ಗೀಟೂ ಕಾಣುತ್ತದೆ. ಮೊದಲು ಕಪ್ಪು ಕಂಬಳಿ ಹಾಸಿದೆ. ಕಂಬಳಿಯ ಕೂದಲು ಅಂಟಿ ಗೀರು ಬಿದ್ದ ಹಾಗೆ ಕಂಡಿತು. ಕಡೆಗೆ ಅಡಕೆ ಹಾಳೆಯ ಒಳಮೈ ಮೇಲೆ ಇಟ್ಟೆ. ನಸು ಬಣ್ಣ, ನುಣುಪು, ಅದೇ ಸರಿಹೋಯಿತು. ಪಕ್ಕದಲ್ಲಿ ಸ್ಕೂಲಿನ ಅಡಿಪಟ್ಟಿ. ಒಟ್ಟು ಹತ್ತು ಚಿತ್ರ: ಮುಚ್ಚಿದ್ದು, ತೆರೆದದ್ದು, ಎರಡು ಮಗ್ಗುಲು, ಕೀಲು, ಅಲಗು, ಎರಡು ಗಿಳಿ ಮೂತಿ, ತಕ್ಕಡಿ ಮೇಲೆ ಇಟ್ಟದ್ದು, ಆಮೇಲೆ ಒಂದು ಚಾಲಿ ಅಡಕೆ ಕತ್ತರಿಸಿದ್ದು. ಆ ಕೊನೆಯದನ್ನು ಚಿಕ್ಕಪ್ಪನ ಕೈಯಲ್ಲಿ ಮಾಡಿಸಿದೆ. ಒಂದೇ ಒತ್ತಿಗೆ ಅಡಕೆ ಎರಡು ಹೋಳಾಗಿ, ಒಳಗಿನ ಬಿಳಿ ಗೆರೆಗಳು ಚೂರೂ ಪುಡಿಯಾಗದೆ ನಿಂತಿದ್ದವು. ಅಲಗು ಹರಿತ ಅಂತ ನಾನು ಎಷ್ಟು ಬರೆದರೂ ಆ ಅಡಕೆ ಹೋಳು ಹೇಳಿದಷ್ಟು ಹೇಳಲಾಗುತ್ತಿರಲಿಲ್ಲ.

ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ, ಬೇರೆಯವರು ಮಾಡದಿರಲಿ. ಇನ್ನೊಂದು ಅಡಕತ್ತರಿ ಕಪ್ಪಾಗಿದೆ ಅಂತ ಆಯಿ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿಟ್ಟಳು. ಚಿತ್ರ ಹಾಕಿದ ಅರ್ಧ ಗಂಟೆಗೆ ಒಬ್ಬರು ಬರೆದರು: "ಯಾಕೆ ತಿಕ್ಕಿದಿರಿ?" ವರ್ಷಗಟ್ಟಲೆ ಕೈ ಸೋಕಿ ಕೂತ ಆ ಕಂದು ಬಣ್ಣಕ್ಕೇ ಸಂಗ್ರಾಹಕರು ಬೆಲೆ ಕೊಡುವುದು. ದೇವರ ಮನೆಯ ದೀಪ ಬೆಳಗುವುದೇ ಬೇರೆ, ಇದೇ ಬೇರೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಇನ್ನು ವಿವರ. ಇದಕ್ಕೆ ಎರಡು ದಿನ ಹಿಡಿಯಿತು. ಅಡಿಗೆಮನೆಯ ಡಿಜಿಟಲ್ ತಕ್ಕಡಿ, ಟೇಪು, ಒಂದು ಅಯಸ್ಕಾಂತ ಇಟ್ಟುಕೊಂಡು ಹನ್ನೊಂದನ್ನೂ ಒಂದೊಂದಾಗಿ ನೋಡಿದೆ. ಅಯಸ್ಕಾಂತ ಯಾಕೆ ಅಂದರೆ ಅದು ಹಿತ್ತಾಳೆಗೆ ಅಂಟುವುದಿಲ್ಲ. ಕುದುರೆ ಆಕಾರದ್ದು ಒಂದಿತ್ತು. ನಾವೆಲ್ಲ ಅದನ್ನು ಗಟ್ಟಿ ಹಿತ್ತಾಳೆ ಅಂತಲೇ ತಿಳಿದಿದ್ದೆವು. ಹಿಡಿಗೆ ಅಯಸ್ಕಾಂತ ಹಿಡಿದೆ, ಟಕ್ ಅಂತ ಕಚ್ಚಿಕೊಂಡಿತು. ಕಬ್ಬಿಣ, ಮೇಲೆ ಹಿತ್ತಾಳೆ ಲೇಪ. ಮನಸ್ಸು ಸಣ್ಣದಾಯಿತು, ಆದರೆ ಹಾಗೇ ಬರೆದೆ. ಅದೂ ಹೋಯಿತು, ಅದರ ಬೆಲೆಗೆ.

ಗಿಳಿ ಮೂತಿಯದಕ್ಕೆ ಕಡೆಗೆ ಬರೆದದ್ದು ಇದು:

"ಉದ್ದ 17.5 ಸೆಂ.ಮೀ., ತೂಕ 212 ಗ್ರಾಂ. ಹಿಡಿ ಎರಡೂ ಎರಕದ ಹಿತ್ತಾಳೆ, ಅಯಸ್ಕಾಂತ ಅಂಟುವುದಿಲ್ಲ. ಅಲಗು ಕಬ್ಬಿಣ, ಬಾಯಿ 4 ಸೆಂ.ಮೀ. ಎರಡೂ ಹಿಡಿಯ ತುದಿಗೆ ಗಿಳಿ ಮೂತಿ. ಬಲ ಗಿಳಿಯ ಕಣ್ಣಿನಲ್ಲಿ ಕೆಂಪು ಗಾಜಿನ ಹರಳು ಇದೆ, ಎಡ ಗಿಳಿಯದು ಬಿದ್ದುಹೋಗಿದೆ, ಗುಳಿ ಮಾತ್ರ ಉಳಿದಿದೆ (7ನೇ ಚಿತ್ರ). ಕೀಲು ಸ್ವಲ್ಪ ಸಡಿಲ, ಅಲ್ಲಾಡಿಸಿದರೆ ಸದ್ದು ಬರುತ್ತದೆ. ಕೀಲಿನ ಹತ್ತಿರ ಸಾಸಿವೆ ಗಾತ್ರದ ತುಕ್ಕಿನ ಚುಕ್ಕೆ ಮೂರು. ಒಣಗಿದ ಚಾಲಿ ಅಡಕೆಯನ್ನು ಒಂದೇ ಒತ್ತಿಗೆ ಕತ್ತರಿಸುತ್ತದೆ (10ನೇ ಚಿತ್ರ). ತಿಕ್ಕಿಲ್ಲ, ರಿಪೇರಿ ಮಾಡಿಸಿಲ್ಲ. ಸಿರ್ಸಿ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಅಜ್ಜ ಕೊಂಡದ್ದು. ದಿನವೂ ಕವಳಕ್ಕೆ ಇದನ್ನೇ ಬಳಸುತ್ತಿದ್ದ."

ಅಜ್ಜನನ್ನು ನಾನು ಬಿಟ್ಟಿಲ್ಲ. ಕೊನೆಗೆ ಎರಡು ಸಾಲು ಕೊಟ್ಟಿದ್ದೇನೆ. ಸಾಮಾನಿನ ಕಥೆಗೆ ಬೆಲೆ ಇದೆ, ಖಂಡಿತ ಇದೆ. ಆದರೆ ಮೊದಲು ಸಾಮಾನು ಕಣ್ಣಿಗೆ ಕಟ್ಟಬೇಕು, ಆಮೇಲೆ ಅದನ್ನು ಹಿಡಿದ ಕೈ. ಇನ್ನೊಂದು ವಿಷಯ, ಗಿಳಿಯ ಕಣ್ಣು ಬಿದ್ದುಹೋದದ್ದನ್ನು ಬರೆಯುವಾಗ ನನಗೆ ಅಳುಕಿತ್ತು. ಬೆಲೆ ಇಳಿಯುತ್ತದೆ ಅಂತ. ಆಮೇಲೆ ಕೊಂಡವರೇ ಹೇಳಿದರು, ಆ ಸಾಲು ಓದಿದ ಮೇಲೆ ಉಳಿದ ಸಾಲುಗಳನ್ನು ನಂಬಿದೆ ಅಂತ.

ಅಷ್ಟೊತ್ತಿಗೆ ಗ್ಯಾಸ್‌ಲೈಟಿನ ವಿಷಯದಲ್ಲಿ ನನಗೆ ಪೆಟ್ಟು ಬಿದ್ದಿತ್ತು. ನಮ್ಮ ಕಡೆ ಬಯಲಾಟಕ್ಕೆ, ಮದುವೆ ಮನೆಗೆ ಹಚ್ಚುತ್ತಿದ್ದ ಸೀಮೆಎಣ್ಣೆ ಲೈಟು ಅದು. ಎಲ್ಲರೂ ಪೆಟ್ರೋಮ್ಯಾಕ್ಸ್ ಅನ್ನುತ್ತಾರೆ. ತಳದಲ್ಲಿ ಬೇರೆ ಕಂಪನಿಯ ಮುದ್ರೆ ಇದ್ದದ್ದರಿಂದ "ಪೆಟ್ರೋಮ್ಯಾಕ್ಸ್ ಮಾದರಿ" ಅಂತ ಸರಿಯಾಗೇ ಬರೆದಿದ್ದೆ. ಆದರೆ ಕೊನೆಗೆ "ಚಾಲೂ ಇದೆ" ಅಂತಲೂ ಸೇರಿಸಿದ್ದೆ. ಪಂಪು ಒತ್ತಿದರೆ ಗಾಳಿ ಬಂದ ಹಾಗಿತ್ತು, ಗಾಜು ಸರಿ ಇತ್ತು, ಅಷ್ಟು ಸಾಕು ಅಂದುಕೊಂಡೆ. ಮ್ಯಾಂಟಲ್ ಕಟ್ಟಿ, ಎಣ್ಣೆ ಹಾಕಿ ಹಚ್ಚಿ ನೋಡಲಿಲ್ಲ. ಕೊಂಡವರು ಹುಬ್ಬಳ್ಳಿಯ ಹಿರಿಯರು. ಮೊಮ್ಮಕ್ಕಳಿಗೆ ತೋರಿಸಬೇಕು ಅಂತ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹಚ್ಚಲು ಹೋಗಿದ್ದಾರೆ. ಪಂಪಿನೊಳಗಿನ ತೊಗಲಿನ ವಾಷರ್ ಒಣಗಿ ಸೀಳಿಹೋಗಿತ್ತು, ಒತ್ತಡ ನಿಲ್ಲಲೇ ಇಲ್ಲ. ಅವರು ಬೈಯಲಿಲ್ಲ. "ನೋಡಿಲ್ಲ ಅಂತ ಬರೆದಿದ್ದರೂ ತಗೊಳ್ತಿದ್ದೆ ತಂಗಿ" ಅಂದರು. ಹಣ ವಾಪಸು ಕಳಿಸಿದೆ. ಅವತ್ತಿಂದ ಕಣ್ಣಾರೆ ನೋಡಿದ್ದಕ್ಕೆ ಮಾತ್ರ "ಇದೆ". ಇಲ್ಲದಿದ್ದರೆ "ಹಚ್ಚಿ ನೋಡಿಲ್ಲ" ಅಂತ ಬಿಡಿಸಿ ಬರೆಯುತ್ತೇನೆ. ಎರಡನೇ ಗ್ಯಾಸ್‌ಲೈಟು ಹಾಗೇ ಬರೆದು ಹೋಯಿತು.

ಮುಳ್ಳಿನ ಡಬ್ಬಿಯದು ಸಲೀಸಾಯಿತು. ಎಚ್‌ಎಂವಿ ಕಂಪನಿಯದು, ಮುಚ್ಚಳದ ಮೇಲೆ ನಾಯಿಯ ಚಿತ್ರ. ಆಗಿನ ಉಕ್ಕಿನ ಮುಳ್ಳನ್ನು ರೆಕಾರ್ಡಿನ ಒಂದೊಂದು ಬದಿಗೂ ಬದಲಾಯಿಸಬೇಕಿತ್ತು, ಅದಕ್ಕೇ ಡಬ್ಬಿಗಟ್ಟಲೆ ಮಾರುತ್ತಿದ್ದರು. ಒಳಗಿದ್ದ ಮುಳ್ಳು ಎಣಿಸಿದೆ, 63. ಎಷ್ಟು ತುಕ್ಕು ಹಿಡಿದಿವೆ ಅಂತಲೂ ಎಣಿಸಿ ಬರೆದೆ. ಎರಡೇ ದಿನಕ್ಕೆ ನಾಲ್ಕು ಬಿಡ್ ಬಂತು.

ಬೆಲೆ ವಿಚಾರದಲ್ಲಿ ನಾನು ಎಡವಿದ್ದು ಬೇರೆ ಥರ. ಅಡಕತ್ತರಿಗೆ 3,000 ಎಲ್ಲಿಂದ ತಂದಿದ್ದೆ ಅಂದರೆ, ಬೇರೆಯವರು ಹಾಕಿದ ಬೆಲೆ ನೋಡಿ. ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಹಾಕಬಹುದು. ಮುಗಿದ ಹರಾಜುಗಳಲ್ಲಿ ಎಷ್ಟಕ್ಕೆ ಹೋಯಿತು ಅಂತ ನೋಡಬೇಕು, ಅದೇ ನಿಜವಾದ ಬೆಲೆ. ಇನ್ನೊಂದು, ಟೆಂಡರಿಗೂ ಇದಕ್ಕೂ ಇರುವ ವ್ಯತ್ಯಾಸ. ಟೆಂಡರಿನಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಬರೆದಷ್ಟು ಕೊಡಲೇಬೇಕು. ಆನ್‌ಲೈನಿನಲ್ಲಿ ಒಬ್ಬರು 5,000 ವರೆಗೆ ಹೋಗುತ್ತೇನೆ ಅಂತ ಹಾಕಿಟ್ಟರೂ ಎದುರಿಗೆ ಇನ್ನೊಬ್ಬರಿಲ್ಲದಿದ್ದರೆ ಬೆಲೆ ಶುರುವಿನಲ್ಲೇ ಕೂತಿರುತ್ತದೆ. ಇನ್ನೊಬ್ಬರು 2,000 ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುತ್ತದೆ. ಹಾಗಾಗಿ ಒಬ್ಬರಿಗೆ ಬೇಕೆನಿಸಿದರೆ ಸಾಲದು, ಇಬ್ಬರಿಗೆ ಬೇಕೆನಿಸಬೇಕು. ಆ ಎರಡನೆಯವರು ಹೆಚ್ಚಾಗಿ ಒಂದು ಸಣ್ಣ ಅನುಮಾನಕ್ಕೇ ಹಿಂದೆ ಸರಿದಿರುತ್ತಾರೆ. ಅಲಗು ಬದಲಾಯಿಸಿದ್ದಾ? ಕೀಲಿನ ಮೊಳೆ ಮೊದಲಿನದೇನಾ? ಪಾರ್ಸಲ್ ಖರ್ಚು ಯಾರದು? ಇಂಥ ಪ್ರಶ್ನೆ ಯಾರಾದರೂ ಕೇಳಿದರೆ ಉತ್ತರ ಕೊಟ್ಟು ಸುಮ್ಮನಾಗುತ್ತಿರಲಿಲ್ಲ, ಮುಂದಿನ ಸಾಮಾನಿನ ವಿವರದಲ್ಲಿ ಅದನ್ನೂ ಸೇರಿಸುತ್ತಿದ್ದೆ. ಕೇಳಿದವರು ಒಬ್ಬರಾದರೆ, ಕೇಳದೇ ಹೋದವರು ಹತ್ತು ಜನ ಇರುತ್ತಾರೆ ಅಂತ ನನ್ನ ನಂಬಿಕೆ.

ಗಿಳಿ ಮೂತಿಯದನ್ನು ಎರಡನೇ ಸಲ 500 ರೂಪಾಯಿಗೆ ಶುರುಮಾಡಿದೆ. ಕೈ ನಡುಗಿದ್ದು ಹೌದು. ಏಳು ದಿನ, ಭಾನುವಾರ ರಾತ್ರಿ ಒಂಬತ್ತಕ್ಕೆ ಮುಗಿಯುವ ಹಾಗೆ, ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ. ಮೂರನೇ ದಿನ 900 ಇತ್ತು. ಭಾನುವಾರ ಸಂಜೆಗೆ 1,350. ಎಂಟೂವರೆಗೆ ಭರ್ರೋ ಅಂತ ಮಳೆ ಹೊಡೆದು ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಂಬತ್ತೂಮುಕ್ಕಾಲಿಗೆ ಸಿಗ್ನಲ್ ಬಂತು. 4,600 ರೂಪಾಯಿ! ಕೊನೆಯ ಐದು ನಿಮಿಷದಲ್ಲಿ ಮೂವರು ಏರಿಸಿದ್ದರು. ಗೆದ್ದವರು ಕೋಲ್ಕತ್ತಾದವರು. "ಜಾಂತಿ" ಅಂತ ಹುಡುಕಿ ಬಂದವರು.

ಪಾರ್ಸಲ್ ಕಟ್ಟಲು ಚಿಕ್ಕಪ್ಪನೇ ಬಂದ. ಅಲಗಿಗೆ ಮಡಚಿದ ರಟ್ಟು ಕಟ್ಟಿ, ಮೇಲೆ ಹಳೇ ಪಂಚೆಯ ತುಂಡು ಸುತ್ತಿ, ಅಡಕೆ ಹಾಳೆಯೊಳಗೆ ಮಲಗಿಸಿದ. ನಾನು ಟೇಪು ಅಂಟಿಸಲು ಹೋದರೆ "ತಡಿ" ಅಂದ. ಅಂಗಿ ಜೇಬಿನಿಂದ ಎರಡು ಚಾಲಿ ಅಡಕೆ ತೆಗೆದು ಒಳಗಿಟ್ಟ. ಯಾಕೆ ಅಂತ ಕೇಳಿದೆ.

"ಕತ್ತರಿಸಿ ನೋಡಲೆ ಅಡಕೆ ಬೇಡ್ದಾ?"

ಒಳಗಿಡುವ ಚೀಟಿ ಆಗಲೇ ಬರೆದಾಗಿತ್ತು. ಪೆನ್ನು ತಗೊಂಡು ಕೆಳಗೆ ಒಂದು ಸಾಲು ಸೇರಿಸಿದೆ: ಚಾಲಿ ಅಡಕೆ, ಎರಡು.